ಅನಾನಸ್ ವೈನ್: ಗಾಳಿ ಯಾವಾಗ ಬೇಕು, ಯಾವಾಗ ಬೇಡ

ಮನೆಯಲ್ಲೇ ಹಣ್ಣಿನ ವೈನ್ ಮಾಡ್ತೀನಿ ಅಂದ ಕೂಡಲೇ ಎಲ್ಲರೂ ಕೇಳುವುದು ಸಕ್ಕರೆ ಎಷ್ಟು, ಯೀಸ್ಟ್ ಎಷ್ಟು ಅಂತ. ಅಳತೆ ಮುಖ್ಯವೇ, ಇಲ್ಲ ಅನ್ನಲ್ಲ. ಆದರೆ ಈ ಹವ್ಯಾಸ ಹಿಡಿದು ಇಷ್ಟು ಕಾಲವಾದ ಮೇಲೆ ನನಗೆ ಖಾತ್ರಿಯಾದ ವಿಷಯ ಬೇರೆ. ಈ ಕೆಲಸದಲ್ಲಿ ಅರ್ಧ ಪಾಲು ಗಾಳಿಯದು. ಮೊದಲ ಕೆಲವು ದಿನ ಗಾಳಿ ಬೇಕು. ಆಮೇಲೆ ಚೂರೂ ಬೇಡ. ಈ ಲೆಕ್ಕ ತಪ್ಪಿದರೆ ಒಂದೋ ಹುದುಗುವುದು ಅರ್ಧಕ್ಕೇ ನಿಲ್ಲುತ್ತದೆ, ಇಲ್ಲಾ ಜಾಡಿ ತುಂಬ ವಿನೆಗರ್ ಸಿಗುತ್ತದೆ.

ನಾನು ಹೆಚ್ಚಾಗಿ ಮಾಡುವುದು ಅನಾನಸ್ ವೈನ್. ಅನಾನಸ್‌ಗೆ ತನ್ನದೇ ಹುಳಿ ಇದೆ, ಘಮವೂ ಜೋರು. ಹುದುಗಿ ಮುಗಿದ ಮೇಲೂ ಇದು ಯಾವ ಹಣ್ಣು ಅಂತ ಮೂಗಿಗೆ ಗೊತ್ತಾಗುತ್ತದೆ. ಎಲ್ಲ ಹಣ್ಣೂ ಹಾಗಲ್ಲ. ಕಲ್ಲಂಗಡಿಯ ರಸದಲ್ಲಿ ಹುಳಿಯೇ ಕಡಿಮೆ. ಯೀಸ್ಟ್ ಕೆಲಸ ಶುರು ಮಾಡುವ ಮೊದಲೇ ಅದು ಕೆಟ್ಟು ಕೂತಿರುತ್ತದೆ. ಹೊಸಬರು ಅದರ ತಂಟೆಗೆ ಹೋಗದಿರುವುದೇ ವಾಸಿ.

5 ಲೀಟರ್ ವೈನ್‌ಗೆ ಸಿಪ್ಪೆ, ಕಣ್ಣು ತೆಗೆದ ಹಣ್ಣು ಸುಮಾರು ಎರಡೂವರೆ ಕಿಲೋ ತೆಗೆದುಕೊಳ್ಳುತ್ತೇನೆ. ಹಣ್ಣು ಪೂರ್ತಿ ಮಾಗಿರಬೇಕು, ಕೊಳೆತ ಭಾಗ ಒಂದು ಚೂರೂ ಇರಬಾರದು. ಸಣ್ಣಗೆ ಹೆಚ್ಚಿ ಫ್ರೀಜರ್‌ನಲ್ಲಿಟ್ಟು, ಮಾರನೇ ದಿನ ಹೊರಗೆ ತೆಗೆದು ಕರಗಲು ಬಿಡುತ್ತೇನೆ. ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗುವಾಗ ಹಣ್ಣಿನ ಕೋಶಗಳು ಒಡೆಯುತ್ತವೆ. ಕರಗಿದ ಮೇಲೆ ಕೈಯಲ್ಲಿ ಹಿಚುಕಿದರೆ ಸಾಕು, ರಸ ತಾನಾಗಿ ಬಿಡುತ್ತದೆ. ಮಿಕ್ಸಿಗೆ ಹಾಕುವವರೂ ಇದ್ದಾರೆ. ಅಷ್ಟು ನುಣ್ಣಗಾದದ್ದನ್ನು ಆಮೇಲೆ ಸೋಸುವುದು ದೊಡ್ಡ ರಗಳೆ. ಬೇಯಿಸುವುದಂತೂ ಬೇಡವೇ ಬೇಡ. ಜಾಮ್ ಗಟ್ಟಿಯಾಗುವುದು ಹಣ್ಣಿನಲ್ಲಿರುವ ಪೆಕ್ಟಿನ್‌ನಿಂದ ತಾನೆ? ಕುದಿಸಿದರೆ ಅದೆಲ್ಲ ರಸಕ್ಕೆ ಇಳಿದು, ವೈನ್ ಮಬ್ಬಾಗಿಯೇ ಉಳಿದುಬಿಡುತ್ತದೆ.

ಇನ್ನು ಸಕ್ಕರೆ. ರಸಕ್ಕೆ ಸಕ್ಕರೆ ಬೆರೆಸಿ ಮದ್ಯದ ಪ್ರಮಾಣ ಏರಿಸುವುದು ಹಳೇ ಪದ್ಧತಿ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶಾಪ್ಟಾಲ್ 1801ರಲ್ಲಿ ಇದನ್ನು ಬರೆದು ಪ್ರಚಾರ ಮಾಡಿದ. ಈಗಲೂ ವೈನ್ ಮಾಡುವವರು ಆ ಕೆಲಸವನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಲೆಕ್ಕ ಕಷ್ಟದ್ದಲ್ಲ: ಒಂದು ಲೀಟರ್‌ನಲ್ಲಿರುವ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಮದ್ಯ. ಶೇ. 12 ಬೇಕಾದರೆ ಲೀಟರ್‌ಗೆ ಇನ್ನೂರು ಗ್ರಾಂ ಚಿಲ್ಲರೆ ಸಕ್ಕರೆ ಇರಬೇಕು. ಇದರಲ್ಲಿ ಹಣ್ಣಿನದೂ ಸೇರಿದೆ. ಹಾಗಾಗಿ ನಾನು ಹಾಕುವುದು ಸುಮಾರು 800 ಗ್ರಾಂ. ಹಣ್ಣಿನ ಸಿಹಿ ಸಲ ಸಲಕ್ಕೂ ಬದಲಾಗುವುದರಿಂದ ಕೊನೆಯ ಮಾತು ಹೈಡ್ರೋಮೀಟರ್‌ನದ್ದು.

ಒಂದೇ ಒಂದು ಸಾಧನಕ್ಕೆ ದುಡ್ಡು ಖರ್ಚು ಮಾಡುವುದಾದರೆ ಅದಕ್ಕೇ ಮಾಡಿ. ಗಾಜಿನ ಕಡ್ಡಿಯಂಥದ್ದು, ರಸದಲ್ಲಿ ಬಿಟ್ಟರೆ ತೇಲುತ್ತದೆ. ಸಕ್ಕರೆ ಜಾಸ್ತಿ ಇದ್ದಷ್ಟೂ ಮೇಲೆ ನಿಲ್ಲುತ್ತದೆ. ನೀರಿನಲ್ಲಿ 1.000 ತೋರಿಸುವುದು, ಶುರುವಿನ ರಸದಲ್ಲಿ 1.085 ಆಸುಪಾಸು ತೋರಿಸಬೇಕು. ಬಳಸುವಾಗ ಎರಡು ಎಚ್ಚರ. ತಿರುಳಿಲ್ಲದ, ಸೋಸಿದ ರಸವನ್ನೇ ಉದ್ದನೆಯ ಗ್ಲಾಸಿಗೆ ಹಾಕಿಕೊಳ್ಳಿ. ಕಡ್ಡಿಯನ್ನು ಬಿಡುವಾಗ ಬೆರಳಲ್ಲಿ ಒಂದು ಸುತ್ತು ತಿರುಗಿಸಿ ಬಿಡಿ. ಇಲ್ಲದಿದ್ದರೆ ಮೈಗೆ ಅಂಟಿದ ಗುಳ್ಳೆಗಳು ಅದನ್ನು ಮೇಲಕ್ಕೆತ್ತಿ ಸುಳ್ಳು ಅಂಕಿ ತೋರಿಸುತ್ತವೆ. ಶುರುವಿನ ಅಂಕಿಯಿಂದ ಕೊನೆಯ ಅಂಕಿ ಕಳೆದು 131ರಿಂದ ಗುಣಿಸಿದರೆ ಮದ್ಯದ ಶೇಕಡಾವಾರು ಸಿಗುತ್ತದೆ. 1.085ರಿಂದ 0.995ಕ್ಕೆ ಇಳಿದರೆ ಹತ್ತಿರ ಹತ್ತಿರ ಶೇ. 12.

ಹಣ್ಣು, ಸಕ್ಕರೆ, ಕುದಿಸಿ ಆರಿಸಿದ ನೀರು ಸೇರಿದ ಮೇಲೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕುತ್ತೇನೆ. 5 ಲೀಟರ್‌ಗೆ ಅರ್ಧ ಗ್ರಾಂಗಿಂತಲೂ ಕಡಿಮೆ ಸಾಕು. ಚಮಚದ ಅಂದಾಜು ಇಲ್ಲಿ ನಡೆಯಲ್ಲ, ಸಣ್ಣ ತಕ್ಕಡಿ ಬೇಕು. ಹಣ್ಣಿನ ಜೊತೆ ಬಂದ ಕಾಡು ಯೀಸ್ಟು, ಬ್ಯಾಕ್ಟೀರಿಯಾ ಇದರಿಂದ ತಣ್ಣಗಾಗುತ್ತವೆ. ಅಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ಆಗಿಬರುವುದಿಲ್ಲ, ಯಾರಿಗೆ ಕೊಟ್ಟರೂ ಮೊದಲೇ ಹೇಳಿಬಿಡಿ. ಅರ್ಧ ದಿನ ಬಿಟ್ಟು ಪೆಕ್ಟಿನ್ ಒಡೆಯುವ ಎಂಜೈಮ್, 24 ಗಂಟೆ ಕಳೆದ ಮೇಲೆ ಯೀಸ್ಟ್. ಅನಾನಸ್‌ನಲ್ಲಿ ಒಗರು ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೆ ಒಂದು ಕಪ್ ಗಟ್ಟಿ ಕಪ್ಪು ಚಹಾ ಸೋಸಿ ಆರಿಸಿ ಸೇರಿಸುತ್ತೇನೆ. ಕುಡಿಯುವಾಗ ಚಹಾದ ರುಚಿ ಬರುವುದಿಲ್ಲ, ನಾಲಿಗೆಗೆ ಸ್ವಲ್ಪ ಹಿಡಿತ ಸಿಗುತ್ತದೆ ಅಷ್ಟೆ.

ಬ್ರೆಡ್ ಯೀಸ್ಟ್ ಹಾಕಿದರೆ ಆಗಲ್ವಾ ಅಂತ ಕೇಳುವವರು ಬಹಳ. ಆಗುತ್ತದೆ, ಅದೂ ಅದೇ ಜಾತಿಯ ಯೀಸ್ಟ್. ಆದರೆ ಹಿಟ್ಟು ಉಬ್ಬಿಸಲು ಆರಿಸಿ ಬೆಳೆಸಿದ್ದು ಅದು. ಅದರ ಗಸಿ ತಳದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಜಾಡಿ ಮುಟ್ಟಿದರೆ ಮೇಲೇಳುತ್ತದೆ. ವಾಸನೆಯಲ್ಲೂ ಬ್ರೆಡ್ಡಿನ ಛಾಯೆ. ವೈನ್ ಯೀಸ್ಟ್‌ನ ಒಂದು ಪುಟ್ಟ ಪೊಟ್ಟಣ ತಂದರೆ ಈ ಯಾವ ತಲೆನೋವೂ ಇಲ್ಲ. ಅದರ ಜೊತೆ ಯೀಸ್ಟ್‌ಗೆ ಪೋಷಕಾಂಶದ ಪುಡಿಯನ್ನೂ ತನ್ನಿ. ಹಣ್ಣಿನ ರಸಕ್ಕೆ ನೀರು ಬೆರೆಸಿದಾಗ ಯೀಸ್ಟ್‌ಗೆ ಬೇಕಾದ ಸಾರಜನಕ ತೆಳುವಾಗುತ್ತದೆ. ಹೊಟ್ಟೆಗೆ ಸಾಲದ ಯೀಸ್ಟ್ ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ.

ಈಗ ಗಾಳಿಯ ಮಾತು. ಮೊದಲ ವಾರ ನನ್ನ ಪಾತ್ರೆಗೆ ಮುಚ್ಚಳವಿಲ್ಲ, ದಪ್ಪ ಬಟ್ಟೆಯೊಂದನ್ನು ಬಾಯಿಗೆ ಬಿಗಿಯಾಗಿ ಕಟ್ಟಿರುತ್ತೇನೆ. ಯೀಸ್ಟ್ ಒಂದು ನೂರಾಗಿ, ನೂರು ಸಾವಿರವಾಗುವ ಹೊತ್ತು ಅದು. ಹೊಸ ಕೋಶಗಳ ಪೊರೆ ಕಟ್ಟಲು ಅವಕ್ಕೆ ಆಕ್ಸಿಜನ್ ಬೇಕು. ಗಾಳಿ ಸಿಕ್ಕರೆ ಯೀಸ್ಟ್ ಚೆನ್ನಾಗಿ ಬೆಳೆಯುತ್ತದೆ ಅಂತ 1861ರಲ್ಲೇ ಲೂಯಿ ಪಾಶ್ಚರ್ ತೋರಿಸಿದ್ದ. ಹಾಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಟ್ಟೆ ಬಿಚ್ಚಿ, ತೊಳೆದ ಸ್ಟೀಲ್ ಸೌಟಿನಿಂದ ಜೋರಾಗಿ ಕದಡುತ್ತೇನೆ.

ಕದಡಲು ಇನ್ನೊಂದು ಕಾರಣವೂ ಇದೆ. ಎರಡನೇ ದಿನದ ಹೊತ್ತಿಗೆ ಹಣ್ಣಿನ ಚೂರುಗಳೆಲ್ಲ ಗುಳ್ಳೆಗಳ ಮೇಲೆ ಕೂತು ತೇಲಿಬಂದು, ಮೇಲೆ ಎರಡು ಬೆರಳು ದಪ್ಪದ ಪದರ ಕಟ್ಟುತ್ತವೆ. ಕಿವಿ ಹತ್ತಿರ ತಂದರೆ ಅದರೊಳಗಿಂದ ಸಣ್ಣಗೆ ಚಿಟಪಟ ಸದ್ದು. ಸೌಟಿನಿಂದ ಒತ್ತಿದರೆ ಪದರ ಬಿರಿದು, ಬಿರುಕಿನಿಂದ ಬಿಳೀ ನೊರೆ ಬುಸ್ಸೆಂದು ಏಳುತ್ತದೆ. ಮೂಗಿಗೆ ಚುಚ್ಚುವುದು ಕಾರ್ಬನ್ ಡೈ ಆಕ್ಸೈಡ್, ಜಾಸ್ತಿ ಬಗ್ಗಬೇಡಿ. ಪಾತ್ರೆಯಲ್ಲಿ ಮೂರನೇ ಒಂದು ಭಾಗ ಖಾಲಿ ಬಿಟ್ಟಿರಬೇಕು, ಇಲ್ಲದಿದ್ದರೆ ಇದೆಲ್ಲ ನೆಲದ ಮೇಲಿರುತ್ತದೆ. ಈ ಪದರ ಒಣಗಲು ಬಿಟ್ಟಿರೋ, ಬೂಸ್ಟು ಹಿಡಿಯುತ್ತದೆ. ಹಣ್ಣಿನ ನೊಣಗಳಿಗೂ ಅದೇ ಬೇಕು. ಅವುಗಳ ಕಾಲಲ್ಲಿ ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಬರುತ್ತದೆ, ಅದಕ್ಕೇ ಬಟ್ಟೆ ಬಿಗಿಯಾಗಿರಬೇಕು ಅಂದದ್ದು.

ಅಂಕಿ 1.020–1.030ರ ನಡುವೆ ಬಂದಾಗ ಈ ಹಂತ ಮುಗಿಯಿತು. ಸಾಮಾನ್ಯವಾಗಿ ಐದಾರು ದಿನ, ಚಳಿ ಇದ್ದರೆ ಇನ್ನೂ ಜಾಸ್ತಿ. ಇಲ್ಲಿ ದಿನಕ್ಕಿಂತ ಅಂಕಿಯನ್ನು ನಂಬಿ. ಬಟ್ಟೆಯಲ್ಲಿ ಸೋಸಿ, ಸಣ್ಣ ಬಾಯಿಯ ಗಾಜಿನ ಜಾಡಿಗೆ ಇಳಿಸಿ, ಏರ್‌ಲಾಕ್ ಹಾಕುತ್ತೇನೆ. ಒಳಗಿನ ಅನಿಲ ನೀರಿನ ಮೂಲಕ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು, ಅದಕ್ಕಿರುವ ಪುಟ್ಟ ಕೊಳವೆ ಅದು. ಇಲ್ಲಿಂದ ಮುಂದೆ ಕದಡುವುದು ಬಂದ್, ಮುಚ್ಚಳ ತೆಗೆದು ಇಣುಕುವುದೂ ಬಂದ್. ಮದ್ಯ ಉಂಟಾಗಿದೆ, ಅದಕ್ಕೆ ಗಾಳಿ ತಾಗಿದರೆ ವಿನೆಗರ್ ಮಾಡುವ ಬ್ಯಾಕ್ಟೀರಿಯಾ, ಅಸಿಟೋಬ್ಯಾಕ್ಟರ್, ಅದನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ಬ್ಯಾಕ್ಟೀರಿಯಾ ಇಲ್ಲದಿದ್ದರೂ ಬಣ್ಣ ಕಂದಾಗಿ, ಕತ್ತರಿಸಿಟ್ಟ ಸೇಬಿನ ಹಾಗೆ ಸಪ್ಪೆ ವಾಸನೆ ಬರುತ್ತದೆ.

ಜಾಡಿ ಕತ್ತಿನವರೆಗೂ ತುಂಬಿರಬೇಕು ಅನ್ನುವುದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಶುರುವಿನಲ್ಲಿ ಖಾಲಿ ಜಾಗ ಇದ್ದರೂ ನಡೆಯುತ್ತದೆ, ಹೊರಬರುವ ಅನಿಲವೇ ಗಾಳಿಯನ್ನು ತಳ್ಳುತ್ತಿರುತ್ತದೆ. ಗುಳ್ಳೆ ನಿಂತ ಮೇಲೆ ಆ ಕಾವಲು ಇಲ್ಲ. ಗಸಿ ಬಿಟ್ಟು ಬಗ್ಗಿಸಿದಾಗಲೆಲ್ಲ ವೈನ್ ಸ್ವಲ್ಪ ಕಡಿಮೆಯಾಗುತ್ತದಲ್ಲ, ಆಗ ನೀರು ಹಾಕಿ ತೆಳು ಮಾಡುವ ಬದಲು ಕುದಿಸಿ ತೊಳೆದ ಗಾಜಿನ ಗೋಲಿಗಳನ್ನು ಒಂದೊಂದಾಗಿ ಬಿಡುತ್ತೇನೆ. ಮಟ್ಟ ಮೇಲೇರಿ ಕತ್ತು ಮುಟ್ಟುತ್ತದೆ. ಮಕ್ಕಳ ಆಟದ ಗೋಲಿಗೆ ಇಷ್ಟು ಒಳ್ಳೆಯ ಕೆಲಸ ಇನ್ನೊಂದಿಲ್ಲ.

ಗಸಿ ಅಂದರೆ ತಳದಲ್ಲಿ ಕೂರುವ ಸತ್ತ ಯೀಸ್ಟು, ತಿರುಳು. ತಿಂಗಳುಗಟ್ಟಲೆ ಅದರ ಮೇಲೇ ಬಿಟ್ಟರೆ ಯೀಸ್ಟ್ ಕೊಳೆತು ರುಚಿ ಕೆಡಿಸಬಹುದು. ಮೊದಲ ಸಲ ಮೂರು ನಾಲ್ಕು ವಾರಕ್ಕೆ, ಆಮೇಲೆ ಎರಡು ತಿಂಗಳಿಗೊಮ್ಮೆ ಬೇರೆ ಜಾಡಿಗೆ ಇಳಿಸುತ್ತೇನೆ. ಸುರಿಯುವುದಿಲ್ಲ. ಸುರಿದರೆ ಗಾಳಿ ಸೇರುತ್ತದೆ. ಜಾಡಿಯನ್ನು ಎತ್ತರದಲ್ಲಿಟ್ಟು ಕೊಳವೆಯಲ್ಲಿ ಎಳೆಯುತ್ತೇನೆ, ಕೊಳವೆಯ ತುದಿ ಕೆಳಗಿನ ಜಾಡಿಯ ತಳ ಮುಟ್ಟಿರಬೇಕು. ಒಂದು ಸಲ ಬಿಟ್ಟು ಒಂದು ಸಲ ಇದೇ ಹೊತ್ತಿನಲ್ಲಿ ಚಿಟಿಕೆಯಷ್ಟು ಸಲ್ಫೈಟ್ ಅನ್ನು, ಅದೂ ತೂಗಿಯೇ, ಹಾಕುತ್ತೇನೆ.

ತಿಳಿಯಾಗಲು ಬಿಡಿ. ಮೊದಲು ಮೇಲಿನ ಒಂದು ಗೇಣು ತಿಳಿಯಾಗುತ್ತದೆ, ಆ ಗೆರೆ ದಿನೇ ದಿನೇ ಕೆಳಗಿಳಿಯುತ್ತದೆ. ಜಾಡಿಯ ಹಿಂದೆ ಅಚ್ಚಾದ ಹಾಳೆ ಹಿಡಿದು ಅಕ್ಷರ ಓದಲು ಬಂದರೆ ಆಯ್ತು ಅಂತ ನನ್ನ ಲೆಕ್ಕ.

ಬಾಟಲಿಗೆ ತುಂಬುವ ವಿಷಯದಲ್ಲಿ ಆತುರ ಅಪಾಯ, ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಸಕ್ಕರೆ ಉಳಿದಿರುವಾಗ ಬಿರಡೆ ಹಾಕಿದರೆ ಒಳಗೆ ಅನಿಲ ತುಂಬಿ ಗಾಜು ಸಿಡಿಯುತ್ತದೆ. ಕೆಲವು ವಾರ ಬಿಟ್ಟು ಬಿಟ್ಟು ನೋಡಿದರೂ ಹೈಡ್ರೋಮೀಟರ್ 0.990–0.998ರ ನಡುವೆ ಒಂದೇ ಕಡೆ ನಿಂತಿರಬೇಕು. ಏರ್‌ಲಾಕ್‌ನಲ್ಲಿ ಗುಳ್ಳೆ ಬರುತ್ತಿಲ್ಲ ಅನ್ನುವುದು ಸಾಕ್ಷಿಯಲ್ಲ. ಚಳಿಗೆ ಯೀಸ್ಟ್ ಮಲಗಿರಬಹುದು, ಸೆಖೆ ಬಂದಾಗ ಏಳುತ್ತದೆ.

ಆಗ ಒಂದು ಗುಟುಕು ಕುಡಿದು ನೋಡಿದರೆ ನಿರಾಸೆಯಾದೀತು. ಸಿಹಿಯೆಲ್ಲ ಯೀಸ್ಟ್ ತಿಂದು ಮುಗಿಸಿದೆ, ಉಳಿದದ್ದು ಹುಳಿ ಮತ್ತು ಖಾರದಂಥ ಚುರುಕು. ಅನಾನಸ್ ಎಲ್ಲಿ ಹೋಯಿತು ಅನಿಸುತ್ತದೆ. ಎಲ್ಲೂ ಹೋಗಿಲ್ಲ. ಒಂದು ಗ್ಲಾಸಿಗೆ ಕಾಲು ಚಮಚ ಸಕ್ಕರೆ ಕದಡಿ ಮತ್ತೆ ಕುಡಿದರೆ ಹಣ್ಣು ವಾಪಸ್ ಬರುತ್ತದೆ. ನಾನು ಪೂರ್ತಿ ಜಾಡಿಗೆ ಸಿಹಿ ಸೇರಿಸುವುದಾದರೆ ತಿಳಿಯಾದ ಮೇಲೆ ಪೊಟ್ಯಾಸಿಯಂ ಸಾರ್ಬೇಟ್ ಮತ್ತು ಸಲ್ಫೈಟ್ ಎರಡನ್ನೂ ಹಾಕಿ ಆಮೇಲೇ ಸೇರಿಸುತ್ತೇನೆ. ಸಾರ್ಬೇಟ್ ಯೀಸ್ಟನ್ನು ಕೊಲ್ಲುವುದಿಲ್ಲ, ಮತ್ತೆ ಹೆಚ್ಚದಂತೆ ತಡೆಯುತ್ತದೆ. ಲವಂಗ, ಚಕ್ಕೆ ಹಾಕುವವರ ಜೊತೆ ನನಗೆ ಜಗಳವಿಲ್ಲ. ಆದರೆ ಆಮೇಲೆ ಎಲ್ಲ ಹಣ್ಣೂ ಒಂದೇ ರುಚಿ.

ಮನೆ ವೈನ್ ಕುಡಿದರೆ ಕಣ್ಣು ಹೋಗುತ್ತದಂತೆ, ಹೌದಾ ಅಂತ ಕೇಳುತ್ತಾರೆ. ಕಣ್ಣು ಕೆಡಿಸುವುದು ಮೆಥನಾಲ್. ಪೆಕ್ಟಿನ್ ಒಡೆದಾಗ ಅದು ಅಲ್ಪಸ್ವಲ್ಪ ಎಲ್ಲ ಹಣ್ಣಿನ ವೈನ್‌ನಲ್ಲೂ ಬರುತ್ತದೆ, ಅಂಗಡಿಯದರಲ್ಲೂ ಇರುತ್ತದೆ. ಹುದುಗಿಸಿದ ಮಾತ್ರಕ್ಕೆ ಅದು ವಿಷದ ಮಟ್ಟಕ್ಕೆ ಏರುವುದಿಲ್ಲ. ಭಟ್ಟಿ ಇಳಿಸುವುದು ಬೇರೆಯದೇ ಕೆಲಸ, ಬೇರೆಯದೇ ಅಪಾಯ. ಬಹಳಷ್ಟು ಕಡೆ ಅದು ಅಪರಾಧವೂ ಹೌದು. ವೈನ್ ವಿಷಯದಲ್ಲೂ ಮನೆಗೆ ಎಷ್ಟು ಮಾಡಬಹುದು, ಮಾಡಲೇಬಾರದೇ ಅನ್ನುವ ಕಾನೂನು ಒಂದೊಂದು ಕಡೆ ಒಂದೊಂದು ಥರ. ಹಣ್ಣು ತರುವ ಮೊದಲೇ ಅದನ್ನು ತಿಳಿದುಕೊಳ್ಳಿ.

ಬಾಟಲಿಗೆ ಹೋದ ಅನಾನಸ್ ವೈನ್ ಆರು ತಿಂಗಳು ಕತ್ತಲಲ್ಲಿ ಕೂತರೆ ಆ ಚುರುಕು ಇಳಿಯುತ್ತದೆ. ಅದು ತೀರಾ ತೆಳು ಅನಿಸಿದವರು ಮುಂದಿನ ಸಲ ಕಲೆ ಬಿದ್ದಷ್ಟು ಮಾಗಿದ ಬಾಳೆಹಣ್ಣು ಎರಡು ಮೂರು ಸೇರಿಸಿ ನೋಡಿ. ಬಾಯಲ್ಲಿ ತುಂಬಿದ ಹಾಗಿರುತ್ತದೆ, ಬಾಳೆಹಣ್ಣಿನ ವಾಸನೆ ಮಾತ್ರ ಹೆಚ್ಚೇನೂ ಉಳಿಯುವುದಿಲ್ಲ. ಗಸಿ ಜಾಸ್ತಿ ಬರುತ್ತದೆ, ಒಂದು ಸಲ ಹೆಚ್ಚಿಗೆ ಬಗ್ಗಿಸಬೇಕಾಗುತ್ತದೆ.