ಮಷಿನ್ ಆನ್ ಆಗದಿದ್ದರೆ ಮೊದಲು 24 ವೋಲ್ಟ್ ನೋಡಿ

ಬೆಳಗಾವಿ ಉದ್ಯಮಬಾಗದ ಗೆಳೆಯರೇ, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಸ್ಟಾರ್ಟ್ ಆಗಲಿಲ್ಲ ಅಂದ ಕೂಡಲೇ ಕಾರ್ಡ್ (ಎಲೆಕ್ಟ್ರಾನಿಕ್ ಬೋರ್ಡ್) ಹೋಗಿದೆ ಅಂತ ಬಿಚ್ಚಬೇಡಿ, ಸುಮ್ನೆ ಖರ್ಚು. ಮೊದಲು ಪ್ಯಾನೆಲ್‌ನ ಎಸ್‌ಎಂಪಿಎಸ್ (230 ವೋಲ್ಟ್ ಎಸಿಯನ್ನು 24 ವೋಲ್ಟ್ ಡಿಸಿ ಮಾಡುವ ಪವರ್ ಸಪ್ಲೈ) ನೋಡಿ. ಇನ್‌ಪುಟ್ 230 ಬರುತ್ತಿದೆ, ಆದರೆ ಲೈಟ್ ಮಿಣುಕುತ್ತಿದೆ, ಔಟ್‌ಪುಟ್‌ನಲ್ಲಿ 24 ವೋಲ್ಟ್ ನಿಲ್ಲುತ್ತಿಲ್ಲ ಅಂದರೆ ಮೇನ್ ಆಫ್ ಮಾಡಿ, ಔಟ್‌ಪುಟ್ ವೈರುಗಳನ್ನು ಬಿಡಿಸಿ, ಮತ್ತೆ ಆನ್ ಮಾಡಿ ಅಳೆಯಿರಿ. ಈಗ 24 ಬಂತಾ? ಹಾಗಾದರೆ ತಪ್ಪು ಜಾಸ್ತಿ ಹೊರಗೇ ಇರುತ್ತದೆ: ಕೂಲಂಟ್‌ನಲ್ಲಿ ನೆನೆದ ಸೆನ್ಸರ್ ಕೇಬಲ್, ಇಲ್ಲವೇ ಶಾರ್ಟ್ ಆದ ಸೊಲೆನಾಯ್ಡ್ (ವಾಲ್ವ್ ತೆರೆದು ಮುಚ್ಚುವ ಕಾಯಿಲ್). ಒಂದೊಂದೇ ವೈರ್ ಜೋಡಿಸಿ, ಪ್ರತಿ ಸಲ ಆಫ್ ಮಾಡಿಯೇ. ಯಾವುದಕ್ಕೆ ವೋಲ್ಟೇಜ್ ಕುಸಿಯುತ್ತದೋ ಅದನ್ನು ಹಿಡಿಯಿರಿ. ಶಾರ್ಟ್ ಎಲ್ಲೂ ಇಲ್ಲ, ಆದರೂ ಲೋಡ್ ಕೊಟ್ಟಾಗ ಇಳಿಯುತ್ತದೆ ಅಂದರೆ ಎಸ್‌ಎಂಪಿಎಸ್‌ನ ಕೆಪಾಸಿಟರ್ ಸೋತಿರಬಹುದು.

ಡ್ರೈವ್ (ಮೋಟಾರ್ ನಡೆಸುವ ಯುನಿಟ್) ಮುಟ್ಟುವುದಾದರೆ ಆಫ್ ಮಾಡಿದ ಮೇಲೆ ಅದರ ಲೇಬಲ್‌ನಲ್ಲಿ ಬರೆದಷ್ಟು ನಿಮಿಷ ಕಾಯಲೇಬೇಕು, ಡಿಸಿ ಬಸ್ (ಆಫ್ ಆದ ಮೇಲೂ ಡ್ರೈವ್ ಒಳಗೆ ಸ್ವಲ್ಪ ಹೊತ್ತು ವೋಲ್ಟೇಜ್ ಉಳಿಯುವ ಭಾಗ) ಅಳೆದು, ವೋಲ್ಟೇಜ್ ಇಳಿದಿದೆ ಅಂತ ನೋಡಿಯೇ ಕೈ ಹಾಕಿ.