ಏರಿಕೆಯಲ್ಲಿ ಹುಟ್ಟೆಷ್ಟು, ಹೆಸರೆಷ್ಟು: ಬುಡಕಟ್ಟು ಗಣತಿ ಬಿಡಿಸುವ ನನ್ನ ಲೆಕ್ಕ

ರಾಯಚೂರಿನಲ್ಲಿ ಕೂತು ಪರಿಶಿಷ್ಟ ಪಂಗಡಗಳ ಗಣತಿ ಕೋಷ್ಟಕ ಬಿಚ್ಚಿದಾಗ ನಾನು ಮೊದಲು ನೋಡುವುದು ಹೆರಿಗೆಯನ್ನಲ್ಲ, ಯಾರನ್ನು ಪಂಗಡವೆಂದು ಎಣಿಸಬೇಕೆಂಬ ಸರ್ಕಾರಿ ಪಟ್ಟಿಯನ್ನು. ಕರ್ನಾಟಕದಲ್ಲಿ ಈ ಸಂಖ್ಯೆ 1971ರಲ್ಲಿ 2.31 ಲಕ್ಷ, 1981ರಲ್ಲಿ 18.25 ಲಕ್ಷ. ವರ್ಷಕ್ಕೆ ಶೇ 3ರಂತೆ ಬೆಳೆದರೂ (ಅದೇ ಹೆಚ್ಚಾಯ್ತು) ಹತ್ತು ವರ್ಷಕ್ಕೆ 3.1 ಲಕ್ಷ. ಉಳಿದ 15 ಲಕ್ಷ ತೊಟ್ಟಿಲಿನಿಂದ ಎದ್ದು ಬಂದದ್ದಲ್ಲ. ಒಂದು ಜಿಲ್ಲೆಯಲ್ಲಿ ಪಂಗಡ, ಪಕ್ಕದಲ್ಲಿ ಅಲ್ಲ ಎಂಬ ಪ್ರದೇಶ ನಿರ್ಬಂಧವನ್ನು 1976ರ ಕಾಯ್ದೆ ತೆಗೆದುಹಾಕಿತ್ತು. ಆಮೇಲೆ 1991ರಲ್ಲಿ, ಆ ಸಲದ ಎಣಿಕೆ ಮುಗಿದ ಮೇಲೆ, ಪಟ್ಟಿಯಲ್ಲಿ ನಾಯಕ ಪಂಗಡದ ಸಾಲಿಗೆ ಬೇಡ, ಬೇಡರ್, ವಾಲ್ಮೀಕಿ ಹೆಸರುಗಳು ಸೇರಿದವು. 1991ರ ಎಣಿಕೆಯಲ್ಲಿ 19.16 ಲಕ್ಷ ಇದ್ದದ್ದು 2001ಕ್ಕೆ 34.64 ಲಕ್ಷ. ನಾಯಕರು ಹೆಚ್ಚಿರುವ ಬಳ್ಳಾರಿ, ರಾಯಚೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಜಿಲ್ಲೆಯ ಗಡಿ. 1991ರ ರಾಯಚೂರಿನೊಳಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇವೆ, 2001ರಲ್ಲಿ ಇಲ್ಲ. ಹರಪನಹಳ್ಳಿ 1991ರಲ್ಲಿ ಬಳ್ಳಾರಿ, 2001 ಮತ್ತು 2011ರಲ್ಲಿ ದಾವಣಗೆರೆ. ತಾಲೂಕುಗಳನ್ನು ಕೂಡಿಸದೆ ಶೇಕಡಾ ತೆಗೆದರೆ ಲೆಕ್ಕ ಅಲ್ಲೇ ಕೆಟ್ಟಿತು.

ಮೂರನೆಯದು ವಯಸ್ಸು. 2001ರಲ್ಲಿ 10–19 ಇದ್ದವರೇ 2011ರಲ್ಲಿ 20–29 ಆಗಬೇಕು. ಸತ್ತವರನ್ನು ಕಳೆದು ಸಂಖ್ಯೆ ತುಸು ಇಳಿಯಬೇಕು, ಏರಕೂಡದು. ಏರಿದ್ದರೆ ವಲಸೆ ಬಂದಿದ್ದಾರೆ, ಇಲ್ಲವೇ ಬೇರೆ ಹೆಸರಲ್ಲಿದ್ದವರು ಈ ಹೆಸರು ಬರೆಸಿದ್ದಾರೆ. ಹುಟ್ಟಿನ ಏರಿಕೆ ಕಾಣುವುದು 0–9ರ ಸಾಲಿನಲ್ಲಿ ಮಾತ್ರ. ಜಿಲ್ಲಾ ಮಟ್ಟದಲ್ಲಿ ನಾನು ಗಂಡಸರ ಕಾಲಂ ಹಿಡಿಯುತ್ತೇನೆ, ಹೆಣ್ಣುಮಕ್ಕಳು ಮದುವೆಯಾಗಿ ಜಿಲ್ಲೆ ದಾಟುತ್ತಾರೆ. ಐದು ವರ್ಷದ ಗುಂಪು ಬೇಡ. ವಯಸ್ಸು ಕೇಳಿದರೆ 25, 30, 35 ಎಂದು ಹೇಳುವವರೇ ಜಾಸ್ತಿ. 20–29ರಲ್ಲಿ ಹಳ್ಳ ಬಿದ್ದಿದ್ದರೆ ಸಾವು ಎಂದು ಬರೆಯುವ ಮೊದಲು ಗುಳೆ ನೆನೆಯಬೇಕು. ಎಣಿಕೆ ನಡೆಯುವುದು ಫೆಬ್ರುವರಿಯಲ್ಲಿ. ಸುಗ್ಗಿ ಮುಗಿಸಿ ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ಆಗ ಊರಲ್ಲಿರುವುದಿಲ್ಲ.

ಇದೇ ಜರಡಿ ಹೊರನಾಡಿಗೂ ಸಲ್ಲುತ್ತದೆ. ಅಮೆರಿಕದಲ್ಲಿ 1960ರಿಂದ ಜನಾಂಗದ ಕಾಲಂ ಅನ್ನು ಗಣತಿದಾರನ ಬದಲು ಮನೆಯವರೇ ತುಂಬತೊಡಗಿದರು. ಅಲ್ಲಿನ ಮೂಲನಿವಾಸಿಗಳು 1970ರ ಸುಮಾರು 8 ಲಕ್ಷದಿಂದ 1980ಕ್ಕೆ 14 ಲಕ್ಷದ ಹತ್ತಿರ ಬಂದದ್ದರಲ್ಲಿ ಹೆಸರಿನ ಪಾಲು ದೊಡ್ಡದು. ನ್ಯೂಜಿಲೆಂಡಿನ ಮಾವೊರಿಗಳದ್ದು ಹೆಚ್ಚಾಗಿ ನಿಜವಾದ ಚೇತರಿಕೆ: 1896ರಲ್ಲಿ ಸುಮಾರು 42,000ಕ್ಕೆ ಇಳಿದಿದ್ದವರು, ಹೊಸ ರೋಗಗಳ ಹೊಡೆತ ತಗ್ಗಿ ಮಕ್ಕಳು ಉಳಿಯತೊಡಗಿದ ಮೇಲೆ ಏರಿದರು. ಹೆರಿಗೆ ಮೊದಲೂ ಕಡಿಮೆಯಿರಲಿಲ್ಲ, ಸಾವು ಹೆಚ್ಚಿತ್ತು.

ತೀರ ಚಿಕ್ಕ ಗುಂಪಿಗೆ ಶೇಕಡಾ ಹಾಕುವುದೇ ತಪ್ಪು. ಗ್ರೇಟ್ ಅಂಡಮಾನಿಗಳು 1901ರಲ್ಲಿ 625, 1961ರಲ್ಲಿ 19. ಇಬ್ಬರು ಕೂಸುಗಳು ಹುಟ್ಟಿದರೆ ಶೇ 10ರ ಬೆಳವಣಿಗೆ! ಅಲ್ಲಿ ಒಬ್ಬೊಬ್ಬರ ವಯಸ್ಸು ಬರೆದು, ಮದುವೆ ವಯಸ್ಸಿನ ಹೆಂಗಸರೆಷ್ಟು, ಬಳಗ ಬಿಟ್ಟು ವರಿಸಬಹುದಾದ ಗಂಡಸರೆಷ್ಟು ಎಂದು ಬೆರಳು ಮಡಿಸಿ ಎಣಿಸಬೇಕು.