ಎಲೆಯ ಚಿತ್ರ ನೋಡಿ ಕಸದ ಚೀಲ ಕೊಳ್ಳಬೇಡಿ

ಅಂಗಡಿಯಲ್ಲಿ ಕಸದ ಚೀಲದ ಎರಡು ಸುರುಳಿ ಅಕ್ಕಪಕ್ಕ ಇರುತ್ತವೆ. ಎರಡೂ ಹಸಿರು, ಎರಡರ ಮೇಲೂ ಎಲೆಯ ಚಿತ್ರ. ಒಂದರ ಮೇಲೆ ‘ಬಯೋಡಿಗ್ರೇಡಬಲ್’ ಅಂತಿದೆ, ಇನ್ನೊಂದರ ಮೇಲೆ ‘ಕಾಂಪೋಸ್ಟಬಲ್’ ಅಂತಿದೆ. ಯಾವುದು ಅಗ್ಗವೋ ಅದಕ್ಕೆ ಕೈ ಹೋಗುತ್ತದೆ, ಅಲ್ವಾ?

ಮೊದಲು ಆ ಪದ ಓದಿ. ಬಯೋಡಿಗ್ರೇಡಬಲ್ ಎಂದರೆ ಸೂಕ್ಷ್ಮಜೀವಿಗಳು ಎಂದಾದರೂ ಅದನ್ನು ತಿಂದು ಮುಗಿಸುತ್ತವೆ ಎಂದಷ್ಟೇ. ಎಷ್ಟು ದಿನಕ್ಕೆ, ಎಲ್ಲಿ, ಎಷ್ಟು ಬಿಸಿಯಲ್ಲಿ? ಪದ ಹೇಳುವುದಿಲ್ಲ. ಕೆಲವಂತೂ ಮಾಮೂಲಿ ಪ್ಲಾಸ್ಟಿಕ್ಕೇ. ಬಿಸಿಲು, ಗಾಳಿಗೆ ಬೇಗ ಪುಡಿಯಾಗಲಿ ಎಂದು ಅದಕ್ಕೆ ಒಂದು ರಾಸಾಯನಿಕ ಬೆರೆಸಿರುತ್ತಾರೆ. ಚೀಲ ಕಣ್ಣಿಂದ ಮರೆಯಾಗುತ್ತದೆ, ಪುಡಿ ಮಣ್ಣಲ್ಲೇ ಉಳಿಯುತ್ತದೆ. ಇಂಥ ಆಕ್ಸೋ ಪ್ಲಾಸ್ಟಿಕ್ಕಿನ ಮಾರಾಟವನ್ನು ಐರೋಪ್ಯ ಒಕ್ಕೂಟ 2021ರ ಜುಲೈನಿಂದ ನಿಲ್ಲಿಸಿದೆ.

ಕಾಂಪೋಸ್ಟಬಲ್, ಅಂದರೆ ಗೊಬ್ಬರವಾಗುವಂಥದ್ದು, ಎನ್ನುವುದಕ್ಕೆ ಲೆಕ್ಕ ಇದೆ. ಸುಮಾರು 58 ಡಿಗ್ರಿ ಬಿಸಿಯ ಗೊಬ್ಬರದಲ್ಲಿ 180 ದಿನದೊಳಗೆ ಅದರ ಶೇ 90ರಷ್ಟು ಇಂಗಾಲ ಸೂಕ್ಷ್ಮಜೀವಿಗಳ ಪಾಲಾಗಿ ಗಾಳಿಗೆ ಸೇರಬೇಕು. ಆದರೆ ಇದು ದೊಡ್ಡ ಗೊಬ್ಬರ ಘಟಕದ ಬಿಸಿ. ನಮ್ಮ ತಾರಸಿಯ ಗೊಬ್ಬರದ ಮಡಕೆಯಲ್ಲಿ ಅಷ್ಟು ಬಿಸಿ ಹೆಚ್ಚು ದಿನ ನಿಲ್ಲುವುದಿಲ್ಲ. ನಾನೂ ಒಮ್ಮೆ ಚೀಲ ಹರಿದು ಮಡಕೆಗೆ ಹಾಕಿದ್ದೆ. ಸಿಪ್ಪೆಯೆಲ್ಲ ಗೊಬ್ಬರವಾದ ಮೇಲೂ ಹಸಿರು ಚೂರು ಕೈಗೆ ಸಿಗುತ್ತಿತ್ತು.

ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಇದನ್ನೇ ದೊಡ್ಡದಾಗಿ ಮಾಡಿ 2019ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಅಂಗಡಿಯ ಕೈಚೀಲಗಳನ್ನು. 3 ವರ್ಷ ಮಣ್ಣಲ್ಲಿ, ಸಮುದ್ರದಲ್ಲಿ ಇದ್ದ ‘ಬಯೋಡಿಗ್ರೇಡಬಲ್’ ಚೀಲ ಇನ್ನೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. ಕಾಂಪೋಸ್ಟಬಲ್ ಚೀಲ ಸಮುದ್ರದಲ್ಲಿ 3 ತಿಂಗಳಿಗೇ ಕಾಣದಾಯಿತು. ಮಣ್ಣಲ್ಲಿ ಮಾತ್ರ 27 ತಿಂಗಳಾದರೂ ಇತ್ತು, ಸಾಮಾನು ಹಾಕಿದರೆ ಹರಿಯುತ್ತಿತ್ತು.

ಎರಡನೆಯದು, ಪೊಟ್ಟಣ ತಿರುಗಿಸಿ ಸಣ್ಣ ಅಕ್ಷರ ಓದಿ. ಕಾಂಪೋಸ್ಟಬಲ್ ಆದರೆ ‘ಐಎಸ್/ಐಎಸ್‌ಒ 17088’ ಎಂಬ ಗುಣಮಟ್ಟದ ಸಂಖ್ಯೆ ಇರಬೇಕು. ಜೊತೆಗೆ ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಹುಡುಕಿ. ಬಯೋಡಿಗ್ರೇಡಬಲ್ ಎನ್ನುವವರಿಗೂ ನಮ್ಮ ದೇಶದ ಪ್ಲಾಸ್ಟಿಕ್ ತ್ಯಾಜ್ಯ ನಿಯಮದ 2024ರ ತಿದ್ದುಪಡಿ ಕಟ್ಟುನಿಟ್ಟಾಗಿದೆ: ಮಣ್ಣು, ನೀರಿನಂಥ ನಿರ್ದಿಷ್ಟ ಪರಿಸರದಲ್ಲಿ ಸೂಕ್ಷ್ಮಜೀವಿಗಳಿಂದ ಕರಗಬೇಕು, ಮೈಕ್ರೋಪ್ಲಾಸ್ಟಿಕ್ ಎಂಬ ಸಣ್ಣ ಪ್ಲಾಸ್ಟಿಕ್ ಪುಡಿ ಉಳಿಯಬಾರದು. ಬರೀ ಎಲೆಯ ಚಿತ್ರ, ‘ಪರಿಸರಸ್ನೇಹಿ’ ಎಂಬ ಮಾತು ಇದ್ದರೆ ಸುಮ್ನೆ ಕೆಳಗಿಡಿ.

ಮೂರನೆಯ ಪ್ರಶ್ನೆಯನ್ನೇ ನಿಜವಾಗಿ ಮೊದಲು ಕೇಳಬೇಕಿತ್ತು: ನಿಮ್ಮ ಕಸ ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ‘ಎರಡು ಬಿನ್, ಒಂದು ಬ್ಯಾಗ್’ ಪದ್ಧತಿಯಲ್ಲಿ ಬ್ಯಾಗ್ ಇರುವುದು ಒಣ ಕಸಕ್ಕೆ, ಹಸಿ ಕಸಕ್ಕೆ ಚೀಲವೇ ಬೇಡ. ಹಸಿರು ಬಕೆಟ್ಟನ್ನು ನೇರವಾಗಿ ಗಾಡಿಗೆ ಸುರಿದರಾಯಿತು. ಚೀಲ ಯಾವುದೇ ಇರಲಿ, ಅದನ್ನು ಬಿಚ್ಚಿ ನೋಡುವ ಕೆಲಸ ಪೌರಕಾರ್ಮಿಕರ ಮೇಲೆ ಬೀಳುತ್ತದೆ. ಡೈಪರ್, ಪ್ಯಾಡ್ ಹೋಗುವುದು ಕೆಂಪು ಬಕೆಟ್ಟಿಗೆ. ಅವನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ. ಗೊಬ್ಬರವಾಗದ ಈ ಕಸಕ್ಕೆ ದುಬಾರಿ ಕಾಂಪೋಸ್ಟಬಲ್ ಚೀಲ ದಂಡ.

ಹಾಗಾದರೆ ಈ ಚೀಲ ಯಾರಿಗೆ? ನಿಮ್ಮ ಅಪಾರ್ಟ್‌ಮೆಂಟ್ ಹಸಿ ಕಸವನ್ನು ದೊಡ್ಡ ಗೊಬ್ಬರ ಘಟಕಕ್ಕೆ ಕೊಡುತ್ತಿದ್ದು, ಅವರು ‘ಚೀಲ ಸಮೇತ ಕೊಡಿ’ ಎಂದರೆ ಕೊಳ್ಳಿ. ಕೇಳದೆ ಕೊಳ್ಳಬೇಡಿ.

ಉಳಿದವರಿಗೆ ಹಳೆಯ ದಿನಪತ್ರಿಕೆ ಸಾಕು. ಎರಡು ದೊಡ್ಡ ಹಾಳೆಯನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಬಕೆಟ್ಟಿನೊಳಗೆ ಒತ್ತಿ. ತಳಕ್ಕೆ ಒಂದು ಹಿಡಿ ತೆಂಗಿನ ನಾರು ಹಾಕಿ, ನೀರು ಹೀರುತ್ತದೆ. ಮಿಕ್ಕ ಸಾಂಬಾರನ್ನು ಜರಡಿಯಲ್ಲಿ ಸೋಸಿ, ಗಟ್ಟಿಯದ್ದನ್ನು ಮಾತ್ರ ಬಕೆಟ್ಟಿಗೆ ಹಾಕಿ. ವಾಸನೆ ಬರುವುದು ಜಾಸ್ತಿ ನೀರಿನಿಂದಲೇ.

ಚೀಲ ಕೊಂಡವರಿಗೆ ಒಂದು ಮಾತು. ಬಿಸಿ ಅನ್ನ ಅದಕ್ಕೆ ಸುರಿಯಬೇಡಿ, ಒಂದೆರಡು ದಿನದೊಳಗೆ ಹೊರಗೆ ಕೊಡಿ. ಸುರುಳಿಯನ್ನು ಒಲೆಯ ಪಕ್ಕ, ಬಿಸಿಲಲ್ಲಿ ಇಡಬಾರದು. ಬಿಸಿಲು, ತೇವ ತಾಗಿದರೆ ಬಳಸುವ ಮೊದಲೇ ಪಿಸಿಯುತ್ತದೆ. ಆಫರ್ ಇದೆ ಎಂದು ವರ್ಷಗಟ್ಟಲೆಗೆ ಆಗುವಷ್ಟು ತರಬೇಡಿ, ಒಂದು ಸುರುಳಿ ಮುಗಿದ ಮೇಲೆ ಇನ್ನೊಂದು.